ಬೆಂಕಿ ಬಿದ್ದಾಗ ಚಾವಣಿ ಎಷ್ಟು ಹೊತ್ತು ನಿಲ್ಲುತ್ತದೆ?

ಎಲ್ಲರಿಗೂ ನಮಸ್ಕಾರ. ಮೇಸ್ತ್ರಿಗಳು, ಗುತ್ತಿಗೆದಾರರು, ಎಸ್ಟೇಟ್ ಮಾಲೀಕರು ಇಷ್ಟು ಜನ ಚಿಕ್ಕಮಗಳೂರಿನಲ್ಲಿ ಒಂದೇ ಕಡೆ ಸೇರಿದ್ದು ನೋಡಿ ಖುಷಿಯಾಯಿತು. ನಾನು ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವು ಕಟ್ಟಿದ್ದರ ಒಳಗೆ, ಅದು ಉರಿಯುವಾಗ, ನಾವು ಹೋಗುತ್ತೇವೆ. ಹಾಗಾಗಿ ನಿಮ್ಮ ಹತ್ತಿರ ಮಾತಾಡುವುದು ತುಂಬಾ ಇದೆ.

ಮೊದಲು ಈ ಮರದ ತುಂಡು ನೋಡಿ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಕೈ ಮಸಿಯಾಗುತ್ತದೆ, ಪರವಾಗಿಲ್ಲ. ಬೆಂಕಿಗೆ ಸಿಕ್ಕಿದ ಹಳೆಯ ತೊಟ್ಟಿಮನೆಯೊಂದರ ತೊಲೆ ಇದು. ಅಡ್ಡಕ್ಕೆ ಕೊಯ್ಸಿದ್ದೇನೆ. ಸುತ್ತಲೂ ಒಂದು ಬೆರಳು ದಪ್ಪ ಇದ್ದಿಲು. ಒಳಗೆ ನೋಡಿ, ಹೊನ್ನೆ ಮರದ ಬಣ್ಣ ಕೂಡ ಮಾಸಿಲ್ಲ. ದಪ್ಪ ಮರ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಕರಕಾಗುತ್ತದೆ, ಅಷ್ಟೇ. ಮೇಲೆ ಕಟ್ಟಿದ ಇದ್ದಿಲು ಒಳಗಿನ ಮರಕ್ಕೆ ಕಂಬಳಿ ಹೊದಿಸಿದ ಹಾಗೆ. ಅರ್ಧ ಗಂಟೆ ಉರಿದರೂ 8 ಇಂಚಿನ ತೊಲೆಯಲ್ಲಿ 6 ಇಂಚಿನಷ್ಟು ಗಟ್ಟಿ ಮರ ಉಳಿದಿರುತ್ತದೆ. ಸೋಲುವ ಮೊದಲು ಸಾಮಾನ್ಯವಾಗಿ ಬಾಗುತ್ತದೆ, ಲಟಲಟ ಅನ್ನುತ್ತದೆ. ಒಳಗಿದ್ದವನಿಗೆ ಓಡಿ ಬರಲು ಆ ಸದ್ದು ಸಾಕು. ಅದೇ ಮನೆಯ ತೆಳು ರೀಪುಗಳು ಬೇಗ ಉರಿದುಹೋಗಿ ಹೆಂಚು ಸುರಿದವು, ಅದೂ ನಿಜ.

ಈಗ ಕಬ್ಬಿಣಕ್ಕೆ ಬರೋಣ. ಉರಿಯುವುದಿಲ್ಲ ಅಂತ ಎಲ್ಲರೂ ನಂಬುತ್ತಾರೆ. ಆದರೆ 550 ಡಿಗ್ರಿ ಆಸುಪಾಸಿನಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗೋಣಿ ಚೀಲ, ಪ್ಲಾಸ್ಟಿಕ್ ತುಂಬಿದ ಶೆಡ್‌ನಲ್ಲಿ ಅಷ್ಟು ಕಾವೇರಲು ಜಾಸ್ತಿ ಹೊತ್ತು ಬೇಡ. ಇನ್ನೊಂದು, ಕಬ್ಬಿಣ ಹಿಗ್ಗುತ್ತದೆ. 10 ಮೀಟರ್ ಬೀಮ್ 500 ಡಿಗ್ರಿ ಬಿಸಿ ಏರಿದರೆ 6 ಸೆಂಟಿಮೀಟರ್ ಉದ್ದವಾಗುತ್ತದೆ. ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಪೈಪ್ ಹಿಡಿದವನು ನಿಂತಿರುವುದು ಆ ಗೋಡೆಯ ಬುಡದಲ್ಲೇ ಅಲ್ವಾ?

ಒಮ್ಮೆ ಒಂದು ಕಾಫಿ ಗೋಡೌನಿಗೆ ಹೋಗಿದ್ದೆವು. ಹೊರಗಿನಿಂದ ಶೀಟು ಸರಿಯಾಗೇ ಕಾಣುತ್ತಿತ್ತು. ನಮ್ಮ ಇಬ್ಬರು ಹುಡುಗರು ಒಳಗೆ ಹೋಗಿದ್ದರು. ಟಾರ್ಚ್ ಬಿಟ್ಟು ಮೇಲೆ ನೋಡಿದೆ. ಟ್ರಸ್‌ನ, ಅಂದರೆ ಚಾವಣಿ ಹೊರುವ ತ್ರಿಕೋನದ ಚೌಕಟ್ಟಿನ, ಕೆಳಗಿನ ಕೊಳವೆ ಒದ್ದೆ ಹಗ್ಗದ ಹಾಗೆ ಜೋತುಬಿದ್ದಿತ್ತು. ‘ಹೊರಗೆ ಬನ್ರೋ’ ಅಂತ ಕೂಗಿದೆ. ಅವರು ಹೊಸ್ತಿಲು ದಾಟಿದ್ದೇ ತಡ, ಚಾವಣಿ ಪೂರ್ತಿ ಕೂತಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಟ್ರಸ್‌ನ ಗುಣವೇ ಅದು. ಎಲ್ಲ ತುಂಡುಗಳೂ ಒಂದನ್ನೊಂದು ಹಿಡಿದು ನಿಂತಿರುತ್ತವೆ. ಒಂದು ಕೈಬಿಟ್ಟರೆ ಉಳಿದವೂ ಬಿಡುತ್ತವೆ. 1988ರ ಜುಲೈ 1ರಂದು ಅಮೆರಿಕದ ಹ್ಯಾಕೆನ್ಸಾಕ್‌ನಲ್ಲಿ ಕಾರು ಮಾರುವ ಮಳಿಗೆಯೊಂದರ ಚಾವಣಿ ಹೀಗೇ ಕುಸಿದು 5 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಅದು ಮರದ ಟ್ರಸ್. ಮೇಲೆ ಅಟ್ಟದಲ್ಲಿ ಬಿಡಿಭಾಗಗಳನ್ನು ತುಂಬಿಟ್ಟಿದ್ದರು. ಮರ ಆದ ಮಾತ್ರಕ್ಕೆ ನಿಶ್ಚಿಂತೆ ಅಂತ ನಾನು ಹೇಳುವುದಿಲ್ಲ. ದಪ್ಪ ಎಷ್ಟು, ಜೋಡಣೆ ಹೇಗೆ, ಮೇಲೆ ಭಾರ ಎಷ್ಟು ಅನ್ನುವುದು ಮುಖ್ಯ.

ಭಾರ ಅಂದಾಗ ನೀರೂ ಬಂತು. ನಿಮಿಷಕ್ಕೆ 400 ಲೀಟರ್ ಬಿಡುತ್ತೇವೆ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ 4 ಟನ್. ಮೂಟೆಗಳು ಕುಡಿದ ನೀರೆಲ್ಲ ಅಟ್ಟದ ಮೇಲೇ ಕೂರುತ್ತದೆ.

ಲೈನ್ ಮನೆಗಳ, ಅಂದರೆ ಎಸ್ಟೇಟ್ ಕೂಲಿಯವರು ಇರುವ ಸಾಲುಮನೆಗಳ ವಿಷಯ ನನಗೆ ಎಲ್ಲಕ್ಕಿಂತ ಸಂಕಟ ಕೊಡುತ್ತದೆ. ಎಷ್ಟೋ ಕಡೆ ಮನೆ ಮನೆಯ ನಡುವಿನ ಗೋಡೆ ಹೆಂಚಿನ ತನಕ ಹೋಗಿರುವುದಿಲ್ಲ. ಆಳೆತ್ತರಕ್ಕೆ ನಿಲ್ಲಿಸಿ ಮೇಲೆ ಖಾಲಿ ಬಿಟ್ಟಿರುತ್ತಾರೆ. ಮೊದಲ ಮನೆಯ ಒಲೆಯಿಂದ ಎದ್ದ ಬೆಂಕಿ ಹೆಂಚಿನಡಿಯಲ್ಲೇ ಹರಿದು ಕೊನೆಯ ಮನೆ ಮುಟ್ಟುತ್ತದೆ. ಮಕ್ಕಳು ಅಲ್ಲಿ ಮಲಗಿರುತ್ತವೆ. ನಾಲ್ಕೈದು ವರಸೆ ಇಟ್ಟಿಗೆ ಏರಿಸಿ, ಸಂದಿಗೆ ಗಾರೆ ಮೆತ್ತಿದರೆ ಆ ದಾರಿ ಮುಚ್ಚಿತು. ದಯವಿಟ್ಟು ಮಾಡಿಸಿ. ಹೋಂಸ್ಟೇಗಳಲ್ಲಿ ಹಳೆ ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್ ಹೊಡೆಸುತ್ತಾರೆ. ಇಲ್ಲೂ ಅದೇ ಕಥೆ, ಬೆಂಕಿ ಮೇಲೆ ಓಡುತ್ತಿದ್ದರೂ ಕೆಳಗಿದ್ದವರಿಗೆ ಕಾಣುವುದಿಲ್ಲ. ನಾವು ಕೋಣೆಗೆ ಕಾಲಿಡುವ ಮೊದಲು ಕೊಕ್ಕೆಯಿಂದ ಒಂದು ಹಲಗೆ ಕಿತ್ತು ನೋಡುವುದು ಅದಕ್ಕೇ. ಹಾಳು ಮಾಡುತ್ತಿದ್ದಾರೆ ಅಂತ ಬೈಯಬೇಡಿ.

ಮಹಡಿ ಕಟ್ಟಡ ಕಟ್ಟುವವರು ಕೇಬಲ್ ಡಕ್ಟನ್ನು, ಅಂದರೆ ವೈರುಗಳು ಮೇಲೇರುವ ಕಿಂಡಿಯನ್ನು, ಪ್ರತಿ ಮಹಡಿಯಲ್ಲೂ ಮುಚ್ಚಿಸಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಡಕ್ಟಿನಲ್ಲಿ ಎದ್ದ ಹೊಗೆ ಮೇಲಿನ ಮಹಡಿಗಳಿಗೆಲ್ಲ ತುಂಬಿಕೊಂಡಿತ್ತು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಇವತ್ತೇ ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ಚಾವಣಿ ಯಾವುದರದ್ದು, ಅಟ್ಟದಲ್ಲಿ ಏನಿದೆ, ಮೇನ್ ಸ್ವಿಚ್, ಸಿಲಿಂಡರ್, ಡೀಸೆಲ್ ಎಲ್ಲಿವೆ, ಸುಮ್ನೆ ಒಂದು ನಕ್ಷೆ ಬರೆಯಿರಿ. ಎಸ್ಟೇಟ್ ಆದರೆ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಇಡಿ. 112ಕ್ಕೆ ಫೋನ್ ಮಾಡಿದ ಮೇಲೆ ಒಬ್ಬರು ಅದನ್ನು ಹಿಡಿದು ಗೇಟಿನಲ್ಲಿ ನಿಲ್ಲಲಿ. ರಾತ್ರಿ, ಮಳೆ, ಕರೆಂಟ್ ಇಲ್ಲ, ಕಣ್ಣಿಗೆ ಹೊಗೆ. ಅಂಥ ಹೊತ್ತಲ್ಲಿ ಒಳಗೆ ಹೋಗಲಾ, ಬೇಡವಾ ಅಂತ ನಮ್ಮ ಹುಡುಗರು ಆ ಹಾಳೆ ನೋಡಿ ತೀರ್ಮಾನ ಮಾಡುತ್ತಾರೆ.