ತಪ್ಪು ಉತ್ತರವನ್ನು ಅಳಿಸಿದ ಶಾಲೆ

ಎಲ್ಲರಿಗೂ ನಮಸ್ಕಾರ.

ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಟೀಚರ್‌ಗಳು, ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯವರು ಎಲ್ಲ ಒಟ್ಟಿಗೆ ಕೂತಿದ್ದೀರಿ. ಆರು, ಏಳು, ಎಂಟನೇ ತರಗತಿಯ ಪರೀಕ್ಷೆ ಅಂಕಗಳ ಬಗ್ಗೆ ಮಾತಾಡಿ ಅಂದಿರಿ. ನಮ್ಮ ತಾಲ್ಲೂಕಿನಿಂದಲೇ ಶುರು ಮಾಡಿದರೆ ಇಲ್ಲಿ ಯಾರಿಗಾದರೂ ಮುಜುಗರ ಆಗುತ್ತದೆ. ಅದಕ್ಕೇ ದೂರದ ಒಂದು ಸರ್ಕಾರಿ ಶಾಲೆಯನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದ್ದ ಪಾರ್ಕ್ಸ್ ಮಿಡಲ್ ಸ್ಕೂಲ್. ಆರರಿಂದ ಎಂಟನೇ ತರಗತಿ. ಸುತ್ತಮುತ್ತ ಬಡವರ ಮನೆಗಳು. ಮಕ್ಕಳು ಬಹುಪಾಲು ಕಪ್ಪು ಜನಾಂಗದವರು.

2005ರಲ್ಲಿ ಈ ಶಾಲೆಯ ಎಂಟನೇ ತರಗತಿಯಲ್ಲಿ ಗಣಿತದಲ್ಲಿ ರಾಜ್ಯ ಹೇಳಿದ ಮಟ್ಟ ಮುಟ್ಟಿದವರು ಶೇ. 24. ಮರುವರ್ಷ ಶೇ. 86. ಓದುವಿಕೆಯಲ್ಲಿ ಶೇ. 35 ಇದ್ದದ್ದು ಶೇ. 78 ಆಯಿತು.

ಇಲ್ಲಿ ಪಾಠ ಮಾಡುವವರು ಎಷ್ಟು ಜನ ಇದ್ದೀರೋ ಅಷ್ಟೂ ಜನರಿಗೆ ಈ ಲೆಕ್ಕ ಕೇಳಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಮೇಲಿನವರಿಗೆ ಹಾಗೆ ಅನ್ನಿಸಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಶಾಲೆಯನ್ನು ಹೊಗಳಿದರು, ಮಾದರಿ ಅಂತ ಕರೆದರು. ಹೇಗೆ ಆಯಿತು ಅಂತ ಕೇಳಲಿಲ್ಲ.

ಕೇಳದೇ ಇದ್ದದ್ದಕ್ಕೆ ಕಾರಣ ಇತ್ತು. 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಒಂದು ಕಾನೂನಿಗೆ ಸಹಿ ಹಾಕಿದ್ದರು. ಹೆಸರು ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಓದುವಿಕೆ ಮತ್ತು ಗಣಿತದ ಪರೀಕ್ಷೆ. 2014ರ ಹೊತ್ತಿಗೆ ದೇಶದ ಪ್ರತಿ ಮಗುವೂ ನಿಗದಿತ ಮಟ್ಟ ಮುಟ್ಟಿರಬೇಕು. ನೂರಕ್ಕೆ ನೂರು! ಈ ಗುರಿ ಬರೆದವರು ಎಂದಾದರೂ ಏಳನೇ ತರಗತಿಗೆ ಪಾಠ ಮಾಡಿದ್ದರೋ ಇಲ್ಲವೋ ಅಂತ ನನಗೆ ಆಗಾಗ ಅನುಮಾನ ಬರುತ್ತದೆ. ಗುರಿ ತಪ್ಪಿದ ಶಾಲೆ ‘ಸುಧಾರಣೆ ಬೇಕಿರುವ ಶಾಲೆ’ಗಳ ಪಟ್ಟಿಗೆ ಸೇರುತ್ತಿತ್ತು. ಮತ್ತೆ ಮತ್ತೆ ತಪ್ಪಿದರೆ ಮಕ್ಕಳು ಬೇರೆ ಶಾಲೆಗೆ ಹೋಗಬಹುದಿತ್ತು, ಸಿಬ್ಬಂದಿ ಬದಲಾಗಬಹುದಿತ್ತು. ಶಾಲೆಯ ಬಾಗಿಲೇ ಮುಚ್ಚಿದರೂ ಮುಚ್ಚಬಹುದಿತ್ತು.

ಇದರ ಮೇಲೆ ಅಟ್ಲಾಂಟಾ ತನ್ನದೇ ಗುರಿಗಳನ್ನು ಹೇರಿತು. ಅಲ್ಲಿನ ಶಾಲೆಗಳ ಮುಖ್ಯಸ್ಥೆ ಬೆವರ್ಲಿ ಹಾಲ್. ನಮ್ಮ ಜಿಲ್ಲಾ ಶಿಕ್ಷಣ ಇಲಾಖೆಯ ಡಿಡಿಪಿಐ ಅಂದುಕೊಳ್ಳಿ, ಆದರೆ ಅಧಿಕಾರ ಇನ್ನೂ ಜಾಸ್ತಿ. ಗುರಿ ಮುಟ್ಟಿದ ಶಾಲೆಯ ಸಿಬ್ಬಂದಿಗೆ ಬೋನಸ್. ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಂಗಣದಲ್ಲಿ ಎಲ್ಲ ಶಿಕ್ಷಕರ ಸಭೆ. ಗುರಿ ಮುಟ್ಟಿದವರಿಗೆ ಕೆಳಗೆ ವೇದಿಕೆಯ ಹತ್ತಿರ ಕುರ್ಚಿ, ತಪ್ಪಿದವರಿಗೆ ಎಲ್ಲೋ ಮೇಲೆ ಗ್ಯಾಲರಿಯಲ್ಲಿ ಜಾಗ. ಬಿಇಒ ಆಫೀಸಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹಿಂದಿನ ಸಾಲು ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಪಾರ್ಕ್ಸ್ ಶಾಲೆಯೊಳಗೆ ಬನ್ನಿ. ಪ್ರಶ್ನೆಪತ್ರಿಕೆಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೀಲ್ ಆಗಿ ಬರುತ್ತಿದ್ದವು. ಒಬ್ಬ ಗಣಿತ ಶಿಕ್ಷಕರು ಬ್ಲೇಡಿನಿಂದ ಆ ಪ್ಲಾಸ್ಟಿಕ್ ಕೊಯ್ದು, ಪುಟಗಳನ್ನು ಜೆರಾಕ್ಸ್ ಮಾಡಿಸಿ, ಸಿಗರೇಟ್ ಲೈಟರ್‌ನ ಬಿಸಿಯಲ್ಲಿ ಹೊದಿಕೆಯ ಅಂಚನ್ನು ಕರಗಿಸಿ ಮತ್ತೆ ಅಂಟಿಸಿದರು. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಕೆಲಸ. ಉತ್ತರದ ಹಾಳೆಗಳ ಜವಾಬ್ದಾರಿ ಹೊತ್ತವರನ್ನು ಮುಖ್ಯ ಶಿಕ್ಷಕರು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಕೆಲವು ಶಿಕ್ಷಕರು ಕೋಣೆಯಲ್ಲಿ ಕೂತು, ಮಕ್ಕಳು ತುಂಬಿದ್ದ ತಪ್ಪು ವೃತ್ತವನ್ನು ರಬ್ಬರಿನಲ್ಲಿ ಉಜ್ಜಿ, ಸರಿಯಾದ ವೃತ್ತ ತುಂಬುತ್ತಿದ್ದರು.

ಇವರೆಲ್ಲ ಕೆಟ್ಟ ಶಿಕ್ಷಕರು ಅಂತ ಹೇಳಿ ಮುಗಿಸುವುದು ಸುಲಭ. ಆ ಗಣಿತ ಶಿಕ್ಷಕರು ಮಕ್ಕಳಿಗೆ ಪ್ರೀತಿಪಾತ್ರರಾಗಿದ್ದರು. ಶಾಲೆ ಮುಚ್ಚಿದರೆ ಈ ಮಕ್ಕಳಿಗೆ ಊರಲ್ಲಿ ಇನ್ಯಾವ ನೆಲೆಯೂ ಇಲ್ಲ ಅನ್ನುವುದು ಅವರ ವಾದ. ನಾನು ಅದನ್ನು ಒಪ್ಪುವುದಿಲ್ಲ. ಆದರೆ ಆ ವಾದ ಹುಟ್ಟಿದ್ದು ಎಲ್ಲಿ ಅಂತ ನೋಡಬೇಕು. ಪಾರ್ಕ್ಸ್‌ಗೆ ಮಕ್ಕಳನ್ನು ಕಳಿಸುತ್ತಿದ್ದ ಕೆಳಗಿನ ಪ್ರಾಥಮಿಕ ಶಾಲೆಗಳಲ್ಲೂ ಅಂಕ ತಿದ್ದುತ್ತಿದ್ದರು. ಐದನೇ ತರಗತಿಯಲ್ಲಿ ಕಾಗದದ ಮೇಲೆ ಜಾಣ ಮಗು. ಆರಕ್ಕೆ ಬಂದು ಕೂತಾಗ ಒಂದು ಪ್ಯಾರಾ ಓದಲು ತಡವರಿಸುತ್ತದೆ. ಹೊಸ ಶಾಲೆ ನಿಜ ಹೇಳಿದರೆ, ಐದರಲ್ಲಿ ಚೆನ್ನಾಗಿದ್ದ ಮಗುವನ್ನು ನೀವೇ ಕೆಡಿಸಿದಿರಿ ಅನ್ನಿಸಿಕೊಳ್ಳಬೇಕು. ಏಣಿಯ ನಡುವಿನ ಮೆಟ್ಟಿಲಾದ ಮಿಡಲ್ ಸ್ಕೂಲಿಗೆ ಎರಡೂ ಕಡೆಯಿಂದ ಪೆಟ್ಟು. ಸಾಲದ್ದಕ್ಕೆ ಮುಂದಿನ ವರ್ಷದ ಗುರಿ ಈ ವರ್ಷದ ಅಂಕದ ಮೇಲೆ ನಿಲ್ಲುತ್ತದೆ. ಒಮ್ಮೆ ತಿದ್ದಿದರೆ ಮರುವರ್ಷ ಇನ್ನೂ ಜಾಸ್ತಿ ತಿದ್ದಬೇಕು. ನಿಲ್ಲಿಸಿದ ದಿನ ಸಿಕ್ಕಿಬೀಳುತ್ತೀರಿ.

ಸಿಕ್ಕಿಬಿದ್ದದ್ದು ಹೇಗೆ? ‘ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್’ ಪತ್ರಿಕೆ ಈ ಜಿಗಿತಗಳನ್ನು ಲೆಕ್ಕ ಹಾಕಿ ಬರೆಯಿತು. ಆಮೇಲೆ ರಾಜ್ಯದವರು ಅಳಿಸಿದ ಗುರುತುಗಳನ್ನು ಎಣಿಸಿದರು. ಉತ್ತರದ ಹಾಳೆ ಓದುವ ಯಂತ್ರಕ್ಕೆ ರಬ್ಬರ್ ಉಜ್ಜಿದ ಮಸುಕು ಗುರುತೂ ಕಾಣುತ್ತದೆ. ಮಕ್ಕಳು ತಾವೇ ಅಳಿಸಿದಾಗ ಸರಿಯಿಂದ ತಪ್ಪಿಗೂ ಹೋಗುತ್ತಾರೆ, ತಪ್ಪಿನಿಂದ ಇನ್ನೊಂದು ತಪ್ಪಿಗೂ ಹೋಗುತ್ತಾರೆ. ಇಡೀ ಕ್ಲಾಸು ಸಾಲಾಗಿ ತಪ್ಪಿನಿಂದ ಸರಿಗೇ ಹೋಗಿದ್ದರೆ ಅದು ಮಕ್ಕಳ ಕೈ ಅಲ್ಲ. 2011ರ ಜುಲೈನಲ್ಲಿ ತನಿಖಾ ವರದಿ ಬಂತು: 44 ಶಾಲೆಗಳು, 178 ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರು. ಅವರಲ್ಲಿ 82 ಮಂದಿ ತಪ್ಪೊಪ್ಪಿಕೊಂಡರು. 2013ರಲ್ಲಿ 35 ಜನರ ಮೇಲೆ ಮೊಕದ್ದಮೆ. 2015ರ ಏಪ್ರಿಲ್‌ನಲ್ಲಿ 12 ಜನರ ವಿಚಾರಣೆ ಮುಗಿದು, 11 ಮಂದಿ ಅಪರಾಧಿಗಳು ಅಂತ ತೀರ್ಪು ಬಂತು. ಮಾಫಿಯಾ ಗುಂಪುಗಳನ್ನು ಹಿಡಿಯಲು ಮಾಡಿದ ಕಾನೂನನ್ನು ಮೇಷ್ಟ್ರುಗಳ ಮೇಲೆ ಹಾಕಿದ್ದರು. ಅದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಬೆವರ್ಲಿ ಹಾಲ್ ಕೊನೆಯವರೆಗೂ ಆರೋಪ ನಿರಾಕರಿಸಿದರು. ಕ್ಯಾನ್ಸರ್ ಇದ್ದುದರಿಂದ ಅವರ ವಿಚಾರಣೆ ನಡೆಯಲೇ ಇಲ್ಲ. 2015ರ ಮಾರ್ಚ್‌ನಲ್ಲಿ ತೀರಿಕೊಂಡರು. 2009ರಲ್ಲಿ ಇದೇ ಹಾಲ್ ಇಡೀ ಅಮೆರಿಕದ ವರ್ಷದ ಶಾಲಾ ಮುಖ್ಯಸ್ಥೆ ಅನ್ನುವ ಪ್ರಶಸ್ತಿ ಪಡೆದಿದ್ದರು.

ಕೋರ್ಟು ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಬೇಸರವಾಗುವುದು ಬೇರೆ ಸಂಗತಿಗೆ. ಅಂಕ ಏರಿದ್ದರಿಂದ ಪಾರ್ಕ್ಸ್ ಶಾಲೆ ‘ಸುಧಾರಣೆ ಬೇಕಿರುವ’ ಪಟ್ಟಿಯಿಂದ ಹೊರಬಂತು. ಹೊರಬಂದ ಕೂಡಲೇ ಹಿಂದುಳಿದ ಶಾಲೆಗೆ ಅಂತ ಬರುತ್ತಿದ್ದ ಸುಮಾರು ಏಳೂವರೆ ಲಕ್ಷ ಡಾಲರ್ ನಿಂತುಹೋಯಿತು. ಗಣಿತ ಬಾರದ ಮಗುವಿಗೆ ಹೆಚ್ಚುವರಿ ಪಾಠ ಹೇಳಿಸಬೇಕಿದ್ದ ದುಡ್ಡು ಅದು. ಕಾಗದದ ಮೇಲೆ ಆ ಮಗುವಿಗೆ ಗಣಿತ ಬರುತ್ತಿತ್ತಲ್ಲ!

ಅದೇ ಊರಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಪರೀಕ್ಷೆಯೂ ನಡೆಯುತ್ತಿತ್ತು. ಅದರ ಹೆಸರು ‘ನೇಪ್’, ರಾಷ್ಟ್ರಮಟ್ಟದ ಸಮೀಕ್ಷೆ. ಆಯ್ದ ಕೆಲವು ಮಕ್ಕಳಿಗೆ ಮಾತ್ರ. ಒಂದು ಮಗುವಿಗೆ ಇಡೀ ಪತ್ರಿಕೆ ಕೊಡುವುದಿಲ್ಲ, ತುಣುಕು ಮಾತ್ರ. ಶಾಲೆಯ ಹೆಸರಿಲ್ಲ, ಮಗುವಿನ ಅಂಕವಿಲ್ಲ. ಯಾರ ಬೋನಸ್ಸೂ ಇದಕ್ಕೆ ಅಂಟಿಕೊಂಡಿಲ್ಲ. ಇದರಲ್ಲೂ ಅಟ್ಲಾಂಟಾ ಮಕ್ಕಳು ಮೇಲೆ ಬರುತ್ತಿದ್ದರು. ನಿಧಾನವಾಗಿ, ಆದರೆ ನಿಜವಾಗಿ. ಅಂದರೆ ಅಲ್ಲಿ ಒಳ್ಳೆಯ ಪಾಠವೂ ನಡೆದಿತ್ತು. ಆ ನಿಧಾನದ ಏರಿಕೆಯನ್ನು ಸಾಧನೆ ಅಂತ ಒಪ್ಪಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ.

ನಮ್ಮ ಕಡೆಯೂ ಗುರುತುಗಳು ಕಾಣುತ್ತವೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೆ. ಐದು, ಎಂಟನೇ ತರಗತಿಯ ಬೋರ್ಡ್ ಪರೀಕ್ಷೆ ಎರಡು ವರ್ಷ ಹೈಕೋರ್ಟ್ ಮೆಟ್ಟಿಲು ಹತ್ತಿತು. 2024ರಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಪರೀಕ್ಷೆ ಬೇಕೋ ಬೇಡವೋ ಅನ್ನುವ ಜಗಳದಲ್ಲಿ ಉತ್ತರಪತ್ರಿಕೆಯೊಳಗೆ ಏನಿತ್ತು ಅಂತ ಯಾರೂ ಮಾತಾಡಲಿಲ್ಲ. ‘ಪಾಸಿಂಗ್ ಪ್ಯಾಕೇಜ್’ ಅಂತ ನಾವೇ ಹೆಸರಿಟ್ಟುಕೊಂಡಿದ್ದೇವೆ. ಗಡಿಯಲ್ಲಿರುವ ಮಗುವನ್ನು ಹೇಗಾದರೂ ದಾಟಿಸುವುದು. ತೀರಾ ಹಿಂದಿರುವ ಮಗುವಿನ ಕಡೆ ತಿರುಗಿ ನೋಡಲು ಪುರುಸೊತ್ತಿಲ್ಲ.

ಒಂದು ಪ್ರಶ್ನೆ ನೋಡೋಣ, ನಾನೇ ಮಾಡಿಕೊಂಡದ್ದು. ಮುಕ್ಕಾಲಿಗೆ ಅರ್ಧ ಕೂಡಿದರೆ ಎಷ್ಟು? ಆಯ್ಕೆಗಳು: 4/6, 3/8, 4/4, 5/4. ಸರಿ ಉತ್ತರ 5/4. ಆದರೆ 4/6 ಅಂದ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದೆ. ಮುಕ್ಕಾಲಿಗೆ ಏನನ್ನೋ ಸೇರಿಸಿದ ಮೇಲೂ ಮುಕ್ಕಾಲಿಗಿಂತ ಕಡಿಮೆ ಬಂದದ್ದು ಅದಕ್ಕೆ ವಿಚಿತ್ರ ಅನ್ನಿಸಿಲ್ಲ. ಭಿನ್ನರಾಶಿ ಒಂದು ಸಂಖ್ಯೆ ಅನ್ನುವುದೇ ಅದಕ್ಕೆ ಹೊಳೆದಿಲ್ಲ. 3/8 ಅಂದ ಮಗು ಗುಣಿಸಿದೆ. ಅದಕ್ಕೆ ಲೆಕ್ಕ ಬರುತ್ತದೆ, ಚಿಹ್ನೆ ಗಮನಿಸಿಲ್ಲ. 4/4 ಅಂದ ಮಗುವಿಗೆ ಛೇದ ಒಂದೇ ಇರಬೇಕು ಅಂತ ಗೊತ್ತು, ಅಂಶವನ್ನು ಬದಲಿಸಬೇಕು ಅಂತ ಗೊತ್ತಿಲ್ಲ. ಮೂವರೂ ಸೊನ್ನೆ ತೆಗೆದವರು. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ. ಪಾರ್ಕ್ಸ್‌ನಲ್ಲಿ ರಬ್ಬರ್ ಉಜ್ಜಿ ಅಳಿಸಿದ್ದು ಇದನ್ನೇ. ನಾವು ಅಳಿಸುವುದಿಲ್ಲ, ಶೇಕಡಾ ಲೆಕ್ಕ ಬರೆದುಕೊಂಡು ಪತ್ರಿಕೆಗಳ ಕಟ್ಟನ್ನು ಬೀರುವಿಗೆ ಸೇರಿಸುತ್ತೇವೆ. ಮಗುವಿನ ಮಟ್ಟಿಗೆ ಎರಡಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಅಟ್ಲಾಂಟಾದಲ್ಲಿ ಅಂಕ ತಿದ್ದಿಸಿಕೊಂಡ ಮಕ್ಕಳು ಮುಂದೆ ಏನಾದರು ಅಂತ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದರು. ಓದುವಿಕೆ ಮತ್ತು ಭಾಷೆಯಲ್ಲಿ ಅವರು ಹಿಂದೆ ಬಿದ್ದಿದ್ದರು. ಅವರಿಗಾಗಿ ಅಲ್ಲಿನ ಶಾಲಾ ಮಂಡಳಿ ‘ಟಾರ್ಗೆಟ್ 2021’ ಅನ್ನುವ ಕಾರ್ಯಕ್ರಮ ಮಾಡಬೇಕಾಯಿತು. ಇವರಲ್ಲಿ ಕೊನೆಯವರ ಶಾಲಾ ಜೀವನ ಮುಗಿಯಬೇಕಿದ್ದ ವರ್ಷ ಅದು. ಹೆಸರಲ್ಲಿ ಮತ್ತೆ ಗುರಿ ಅಂತಲೇ ಇಟ್ಟದ್ದು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ನಿಮ್ಮ ಶಾಲೆಯ ಏಳನೇ ತರಗತಿಯ ಗಣಿತದ ಉತ್ತರಪತ್ರಿಕೆಗಳನ್ನು ತನ್ನಿ ಅಂತ ಮೊದಲೇ ಹೇಳಿಸಿದ್ದೆ. ಒಟ್ಟು ಅಂಕದ ಪುಟವನ್ನು ಮಡಚಿಡಿ. ಜಾಸ್ತಿ ಮಕ್ಕಳು ತಪ್ಪು ಮಾಡಿದ ಒಂದು ಪ್ರಶ್ನೆ ಹುಡುಕಿ. ಯಾವ ತಪ್ಪು ಉತ್ತರ ಎಷ್ಟು ಮಕ್ಕಳದ್ದು ಅಂತ ಬೋರ್ಡಿನ ಮೇಲೆ ಗೀಟು ಹಾಕುತ್ತಾ ಹೋಗೋಣ. ಆಮೇಲೆ ನಾಳೆ ಆ ಮಕ್ಕಳಿಗೆ ಏನು ಹೇಳಿಕೊಡುತ್ತೀರಿ ಅಂತ ಒಬ್ಬೊಬ್ಬರಾಗಿ ಹೇಳಿ. ಎಸ್‌ಡಿಎಂಸಿಯವರೂ ಎದ್ದು ಹೋಗಬೇಡಿ, ಈ ಲೆಕ್ಕ ನಿಮಗೂ ಇದೆ.