ಖಾಲಿ ಡಬ್ಬಿ ವಾಪಸ್ ಕೊಡಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದೆ. ಎದುರು ಮನೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಆರು ಹಾಕಿ ಕಳಿಸಿದ್ದೆ. ಮೂರು ದಿನ ಬಿಟ್ಟು ಆ ಮನೆಯ ಹುಡುಗ ಡಬ್ಬಿ ವಾಪಸ್ ತಂದ. ಒಂಬತ್ತನೇ ಕ್ಲಾಸ್. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲ್ ಮೇಲೆ. "ಅಮ್ಮ ಕೊಟ್ರು ಆಂಟಿ" ಅಂತ ಕೈಗಿಟ್ಟ. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಸಕ್ಕರೆ.

"ಸಕ್ಕರೆ ಯಾಕೋ?" ಅಂತ ಸುಮ್ನೆ ಕೇಳಿದೆ.

"ಗೊತ್ತಿಲ್ಲ ಆಂಟಿ. ಖಾಲಿ ಡಬ್ಬಿ ಕೊಡಬಾರದಂತೆ."

ಅಷ್ಟರಲ್ಲಿ ಲಿಫ್ಟ್ ಬಾಗಿಲು ತೆರೆಯಿತು. ಅವನಿಗೇ ಯಾವುದೋ ಪಾರ್ಸೆಲ್. ತಂದವನು ಇವನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ನಮ್ಮ ಹುಡುಗ ತಲೆ ಎತ್ತಿ, ನಕ್ಕು, "ಥ್ಯಾಂಕ್ಯೂ ಬ್ರೋ" ಅಂದ.

ಆರು ಒಬ್ಬಟ್ಟು ಕೊಟ್ಟ ನನಗೆ ಥ್ಯಾಂಕ್ಯೂ ಇಲ್ಲ. ಬೇಜಾರೇನೂ ಆಗಲಿಲ್ಲ. ನನಗೆ ಬರಬೇಕಾದ ಥ್ಯಾಂಕ್ಯೂ ಡಬ್ಬಿಯೊಳಗೇ ಇತ್ತಲ್ಲ. ಅದನ್ನು ಹೊತ್ತು ತಂದವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಹದಿಮೂರರಿಂದ ಹದಿನಾರು ವಯಸ್ಸಿನ ಮಕ್ಕಳೇ ದಿನವಿಡೀ ನನ್ನ ಸುತ್ತ. ಸ್ಟಾಫ್ ರೂಮಿರಲಿ, ಮದುವೆ ಮನೆಯಿರಲಿ, ಒಂದು ದೂರು ಕೇಳಿ ಕೇಳಿ ಸಾಕಾಗಿದೆ. ಈಗಿನ ಮಕ್ಕಳಿಗೆ ಮಾಡಿದ ಉಪಕಾರದ ನೆನಪೇ ಇಲ್ಲ ಅಂತ. ನಾನು ಇದನ್ನು ಪೂರ್ತಿ ಒಪ್ಪಲ್ಲ. ಮಕ್ಕಳು ನಮ್ಮಿಂದ ಕಲಿತದ್ದನ್ನೇ ಮಾಡುತ್ತಾರೆ. ನಾವು ಕಲಿಸಿದ್ದೇನು ಅನ್ನುವುದನ್ನು ನಾವು ನೋಡಿಕೊಂಡಿಲ್ಲ.

ಮೊದಲು ಮಾತಿನ ವಿಷಯ. ಊಟಕ್ಕೆ ಕೂತಾಗ ಅಮ್ಮ ತಟ್ಟೆಗೆ ಅನ್ನ ಹಾಕುತ್ತಾಳೆ. "ಧನ್ಯವಾದಗಳು ಅಮ್ಮ" ಅಂತ ಮಗ ಅಂದ ಅಂತಿಟ್ಟುಕೊಳ್ಳಿ. ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ, ಅಲ್ವಾ? ಧನ್ಯವಾದ ನಮಗೆ ಸಭೆಯ ಪದ. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಮೈಕಿನಲ್ಲಿ ಕೇಳುವ ಪದ. ಮನೆಯೊಳಗೆ ಅದನ್ನು ಹೇಳಿದರೆ ನಮ್ಮವರನ್ನು ಹೊರಗಿನವರನ್ನಾಗಿ ಮಾಡಿದ ಹಾಗೆ.

ಹಾಗಾದರೆ ನಮ್ಮ ಅಜ್ಜಿಯಂದಿರು ಏನೂ ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ". ಮೂಟೆ ಎತ್ತಿಕೊಟ್ಟರೆ "ಪುಣ್ಯ ಬರ್ಲಿ ಕಣವ್ವ". ಇದು ಬರೀ ವಂದನೆಯಲ್ಲ, ಅಲ್ಲೇ ಕೈಗೆ ಏನೋ ಹಾಕಿ ಕಳಿಸುವುದು. ಡಬ್ಬಿಯ ಸಕ್ಕರೆ ಇದ್ದ ಹಾಗೆ.

ಹೀಗೆ ಬಾಯಲ್ಲಿ ಥ್ಯಾಂಕ್ಸ್ ಹೇಳದವರು ನಾವೊಬ್ಬರೇ ಅಲ್ಲ. 2018ರಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಐದು ಖಂಡಗಳ 8 ಭಾಷೆಗಳ ಜನ ಮನೆಯಲ್ಲಿ, ಊರಲ್ಲಿ ಮಾತಾಡುವುದನ್ನು ರೆಕಾರ್ಡ್ ಮಾಡಿ ನೋಡಿದರು. ಒಬ್ಬರು ಏನೋ ಕೇಳುತ್ತಾರೆ, ಇನ್ನೊಬ್ಬರು ಮಾಡಿಕೊಡುತ್ತಾರೆ. ಆಮೇಲೆ ಥ್ಯಾಂಕ್ಸ್ ಹೇಳುತ್ತಾರಾ? ಸುಮಾರು 20 ಸಲಕ್ಕೆ ಒಂದು ಸಲ. ಮಾತು ಮಾತಿಗೆ ಥ್ಯಾಂಕ್ಯೂ ಅನ್ನುತ್ತಾರೆ ಅಂತ ನಾವು ಅಂದುಕೊಂಡಿರುವ ಇಂಗ್ಲಿಷಿನವರೂ ತಮ್ಮವರ ನಡುವೆ ಹೇಳಿದ್ದು ಏಳು ಸಲಕ್ಕೆ ಒಂದು ಸಲ. ಈಕ್ವೆಡಾರ್ ದೇಶದ ಚಾಪಲಾ ಅನ್ನುವ ಭಾಷೆಯಲ್ಲಂತೂ ಥ್ಯಾಂಕ್ಸ್ ಹೇಳಲು ರೂಢಿಯ ಮಾತೇ ಇಲ್ಲ. ಹಾಗಂತ ಅಲ್ಲಿಯವರು ಉಪಕಾರಗೇಡಿಗಳೇ? ಕೇಳಿದ್ದನ್ನು ಮಾಡಿಕೊಡುತ್ತಾರೆ, ನಾಳೆ ಇವರು ಕೇಳಿದರೆ ಅವರು ಮಾಡಿಕೊಡುತ್ತಾರೆ. ಸಂಸಾರ ನಡೆಯುತ್ತದೆ.

ನಮ್ಮ ಊರಿನ ಹೆಸರಿನ ಕತೆಯನ್ನೇ ತಗೊಳ್ಳಿ. ಬೇಟೆಗೆ ಬಂದ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಗುಡಿಸಲಿನ ಒಬ್ಬ ಮುದುಕಿ ಬೇಯಿಸಿದ ಕಾಳು ಕೊಡುತ್ತಾಳೆ. ಅದಕ್ಕೇ ಬೆಂದಕಾಳೂರು. ಚರಿತ್ರೆ ಬಲ್ಲವರು ಇದನ್ನು ಒಪ್ಪಲ್ಲ. ಬೇಗೂರಿನ ಗುಡಿಯಲ್ಲಿರುವ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ. ಅದು ಸುಮಾರು 890ರದ್ದು, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನದು. ಕತೆ ಸುಳ್ಳೇ ಇರಲಿ. ಅದನ್ನು ಕಟ್ಟಿದವರು ರಾಜನ ಬಾಯಲ್ಲಿ ಒಂದು ಥ್ಯಾಂಕ್ಸ್ ಕೂಡ ಹಾಕಿಲ್ಲ ನೋಡಿ. ಒಂದು ಬೊಗಸೆ ಕಾಳಿಗೆ ಇಡೀ ಊರಿಗೇ ಹೆಸರಿಡಿಸಿಬಿಟ್ಟರು! ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಅದೇ ಜಾತಿಯದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಹೊಸ ಬೆಳೆ ಮೊದಲು ಬಸವಣ್ಣನಿಗೆ, ಆಮೇಲೆ ಮಾರಾಟಕ್ಕೆ. ನನ್ನ ಕ್ಲಾಸಿನ ಮಕ್ಕಳಿಗೆ ಪರಿಷೆ ಅಂದರೆ ಜಾಯಿಂಟ್ ವೀಲ್ ಮತ್ತು ಸೆಲ್ಫಿ. ಇರಲಿ ಬಿಡಿ, ಕಡಲೆಕಾಯಿಯನ್ನೂ ತಿಂದಿರುತ್ತಾರೆ.

ಇನ್ನೊಂದು ಹಳೆಯ ಸಂಗತಿ ನನಗೆ ತುಂಬಾ ಹಿಡಿಸಿದ್ದು. 1938ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ ಫ್ರಾನ್ಸಿಸ್ಕಾ ಬಾಮ್‌ಗಾರ್ಟನ್ ಟ್ರಾಮರ್ ಅನ್ನುವ ಮನಶ್ಶಾಸ್ತ್ರಜ್ಞೆ ಏಳರಿಂದ ಹದಿನೈದು ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. ನಿನ್ನ ಅತಿ ದೊಡ್ಡ ಆಸೆ ಏನು? ಅದನ್ನು ಈಡೇರಿಸಿದವರಿಗೆ ನೀನು ಏನು ಮಾಡುತ್ತೀಯ? ಉತ್ತರಗಳು ನಾಲ್ಕು ಬಗೆಯಾದವು. ಬಾಯಲ್ಲಿ ಹೇಳುವವರು. ತಮಗೆ ಇಷ್ಟವಾದ ವಸ್ತು ಕೊಟ್ಟುಬಿಡುವವರು. ಸಿಕ್ಕಿದ್ದನ್ನು ಚೆನ್ನಾಗಿ ಬಳಸಿಕೊಂಡು ಉದ್ಧಾರವಾಗುತ್ತೇನೆ ಅನ್ನುವವರು. ಕೊಟ್ಟವರಿಗೆ ಏನು ಬೇಕು ಅಂತ ಯೋಚಿಸಿ ನಂಟು ಉಳಿಸಿಕೊಳ್ಳುವವರು. ಅಮೆರಿಕದ ಜೊನಾಥನ್ ಟಜ್ ಮತ್ತು ಅವರ ಜೊತೆಗಾರರು ನಂತರ ಬೇರೆ ಬೇರೆ ದೇಶಗಳಲ್ಲಿ ಇದೇ ಪ್ರಶ್ನೆ ಕೇಳಿದರು. ಅಮೆರಿಕದ ಮಕ್ಕಳಲ್ಲಿ ವಸ್ತು ಕೊಡುವವರು ಜಾಸ್ತಿ, ಚೀನಾದ ಮಕ್ಕಳಲ್ಲಿ ನಂಟಿನ ಮಾತು ಜಾಸ್ತಿ ಕಂಡಿತು.

ನಾನು ಬಿಡುತ್ತೇನೆಯೇ! ಒಂದು ಶನಿವಾರ ಒಂಬತ್ತನೇ ಕ್ಲಾಸಿನವರಿಗೆ ಅದೇ ಪ್ರಶ್ನೆ ಬೋರ್ಡಿನ ಮೇಲೆ ಬರೆದೆ. ಹೆಸರು ಬರೆಯಬೇಡಿ ಅಂದೆ. ಇದು ಸಂಶೋಧನೆಯಲ್ಲ, ಟೀಚರಮ್ಮನ ಕುತೂಹಲ ಅಷ್ಟೇ.

ಒಬ್ಬ ಬರೆದಿದ್ದ, ಐಫೋನ್ ಕೊಡಿಸಿದವರಿಗೆ ನನ್ನ ಹಳೆ ಫೋನ್ ಕೊಡ್ತೀನಿ, ಸ್ಕ್ರೀನ್ ಸ್ವಲ್ಪ ಒಡೆದಿದೆ. ಪ್ರಾಮಾಣಿಕ ಮನುಷ್ಯ. ಅರ್ಧ ಕ್ಲಾಸು, ಚೆನ್ನಾಗಿ ಓದಿ ಅವರಿಗೆ ಒಳ್ಳೆ ಹೆಸರು ತರ್ತೀನಿ ಅಂತ ಬರೆದಿತ್ತು. ಇದು ನಾವೇ ಬಾಯಿಪಾಠ ಮಾಡಿಸಿದ ಉತ್ತರ, ಮಾರ್ಕ್ಸ್ ಸಿಗುತ್ತೆ ಅಂತ ಗೊತ್ತಿದ್ದು ಬರೆದದ್ದು. ಒಂದು ಹಾಳೆ ಮಾತ್ರ ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. "ನನ್ನ ಆಸೆ ಸ್ವಂತ ಮನೆ. ಹನ್ನೊಂದು ತಿಂಗಳಿಗೆ ಒಂದು ಸಲ ಓನರ್ ಏನಂತಾರೋ ಅಂತ ಅಮ್ಮ ಹೆದರಬಾರದು. ಮನೆ ಕೊಟ್ಟವರು ಯಾವಾಗ ಬಂದರೂ ಊಟ ಹಾಕ್ತೀನಿ. ಅವರಿಗೆ ವಯಸ್ಸಾದರೆ ಒಂದು ರೂಮು ಅವರಿಗೇ." ಬೆಂಗಳೂರಿನ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು ಅಂತ ಹದಿನಾಲ್ಕು ವರ್ಷದ ಮಗುವಿಗೆ ಗೊತ್ತು. ಕೊಟ್ಟವರಿಗೂ ಮುಂದೊಂದು ದಿನ ವಯಸ್ಸಾಗುತ್ತೆ ಅಂತಲೂ ಗೊತ್ತು.

ಕೊನೆಯ ಹಾಳೆಯಲ್ಲಿ ಒಂದೇ ಸಾಲು. "ನನಗೆ ಯಾರಿಂದಲೂ ಏನೂ ಬೇಡ. ಆಮೇಲೆ ಎತ್ತಿ ಆಡ್ತಾರೆ."

ಈ ಸಾಲು ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ಋಣ ಅನ್ನುವ ಮಾತಿದೆ, ಹಂಗು ಅನ್ನುವ ಮಾತೂ ಇದೆ. ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ. ಪಡೆದವನು ತಾನಾಗಿ ನೆನಪಿಟ್ಟುಕೊಂಡರೆ ಋಣ. ಕೊಟ್ಟವನು ಮತ್ತೆ ಮತ್ತೆ ನೆನಪಿಸಿದರೆ ಹಂಗು. ನಮ್ಮ ಹದಿಹರೆಯದವರ ಕಿವಿಗೆ ಬೀಳುವುದು ಬಹುಪಾಲು ಎರಡನೆಯದೇ. ಪಿಯುಸಿ ಬಂತೆಂದರೆ ನೋಡಿ. ಕೋಚಿಂಗಿಗೆ ಎಷ್ಟು ಕಟ್ಟಿದ್ದೀವಿ ಗೊತ್ತಾ. ನಿನಗೋಸ್ಕರ ಊರಿನ ಸೈಟು ಮಾರಿದ್ವಿ. ನಾವು ನಿನ್ನ ವಯಸ್ಸಲ್ಲಿ ಬೀದಿ ದೀಪದ ಕೆಳಗೆ ಓದ್ತಿದ್ವಿ. ಸಿಇಟಿ ಮುಗಿಯುವ ಹೊತ್ತಿಗೆ ಆ ಮಗುವಿಗೆ ಉಪಕಾರ ಅಂದರೆ ಕಂತು ಕಟ್ಟಬೇಕಾದ ಸಾಲ.

ಬೇರೆಯವರ ಮನೆ ಮಾತೇಕೆ? ನಾನೂ ಮಗಳಿಗೆ ಹೇಳಿದ್ದೇನೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ಮಾರ್ಕ್ಸ್ ಕಮ್ಮಿ ಬಂದ ದಿನ, ಬೆಳಗ್ಗೆ ನಾಲ್ಕೂವರೆಗೆ ಎದ್ದು ಯಾರಿಗೋಸ್ಕರ ಡಬ್ಬಿ ಕಟ್ತೀನಿ ನಾನು ಅಂತ ಕೂಗಾಡಿದೆ. ಅವಳು "ನಾನು ಕೇಳಿದ್ನಾ?" ಅಂದಳು. ಎರಡು ದಿನ ಮಾತಿಲ್ಲ. ಮೂರನೇ ದಿನ ಬೆಳಗ್ಗೆ ಅಡುಗೆ ಮನೆಗೆ ಬಂದರೆ ಫಿಲ್ಟರಿಗೆ ಪುಡಿ ಹಾಕಿ ನೀರು ಸುರಿದಾಗಿತ್ತು. ಮೊದಲ ಸಲ ಹಾಕಿದ್ದು, ಪುಡಿ ಕಮ್ಮಿ, ಡಿಕಾಕ್ಷನ್ ಚಹಾದ ಬಣ್ಣಕ್ಕಿತ್ತು. ಪೂರ್ತಿ ಕುಡಿದೆ. ಅವಳೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಸ್ಕೂಲುಗಳಲ್ಲಿ ಕೃತಜ್ಞತೆಯ ಡೈರಿ ಅಂತ ಬಂದಿದೆ. ಇದರ ಹಿಂದೆಯೂ ಅಮೆರಿಕದ ಒಂದು ಅಧ್ಯಯನವಿದೆ. 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲ್ಲೋ ಕಾಲೇಜು ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ತಮಗೆ ಒದಗಿದ ಐದು ಒಳ್ಳೆಯ ಸಂಗತಿ ಬರೆಯಲು ಹೇಳಿದರು. ಕಿರಿಕಿರಿಗಳನ್ನು ಬರೆದವರಿಗಿಂತ ಇವರು ಹೆಚ್ಚು ಸಮಾಧಾನವಾಗಿದ್ದರು. ಒಳ್ಳೆಯದೇ. ಆದರೆ ನಾನು ನೋಡಿದ ಡೈರಿಗಳಲ್ಲಿ ದಿನವೂ ಒಂದೇ ಪಟ್ಟಿ. ಅಮ್ಮ, ಅಪ್ಪ, ದೇವರು. ಮರುದಿನ ಬದಲಾವಣೆಗೆ ದೇವರು, ಅಮ್ಮ, ಅಪ್ಪ. ಬರೆದ ಮಗುವಿಗೆ ಮನಸ್ಸು ಹಗುರಾಗಬಹುದು. ಅಮ್ಮನಿಗೆ ಅದು ತಲುಪುವುದೇ ಇಲ್ಲ, ಪುಸ್ತಕ ಟೀಚರ್ ಹತ್ತಿರ ಹೋಗುತ್ತದೆ. ಸಕ್ಕರೆಯಾದರೆ ಎದುರು ಮನೆಗೆ ಹೋಗುತ್ತದೆ.

ನಮ್ಮ ಪದ್ಧತಿಯೇ ಸರಿ ಅಂತ ಹೇಳಿ ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಬ್ಬಳು ಹುಡುಗಿ ಬಿಡಲಿಲ್ಲ. ಆಯುಧಪೂಜೆಯ ಮಾರನೇ ವಾರ ಅದರ ಬಗ್ಗೆ ಪ್ರಬಂಧ ಬರೆಸುತ್ತಿದ್ದೆ. ನಮಗೆ ದುಡಿಯುವ ವಸ್ತುವಿಗೂ ನಾವು ಕೈ ಮುಗಿಯುತ್ತೇವೆ, ಆಟೋಗೆ, ಬಸ್ಸಿಗೆ, ಹೊಲಿಗೆ ಮಿಷಿನ್ನಿಗೆ ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಅವಳು ಎದ್ದು ನಿಂತಳು.

"ಮಿಸ್, ನಮ್ಮ ಮನೇಲಿ ವಾಷಿಂಗ್ ಮಿಷಿನ್ನಿಗೆ ಅರಿಶಿನ ಕುಂಕುಮ ಇಟ್ರು, ಹೂ ಹಾಕಿದ್ರು. ಪಾತ್ರೆ ತೊಳೆಯೋ ಅಕ್ಕನಿಗೆ ಅವತ್ತೂ ಬೇರೆ ಲೋಟದಲ್ಲೇ ಕಾಫಿ. ಆ ಲೋಟ ಸಿಂಕ್ ಕೆಳಗೆ ಇರುತ್ತೆ. ಯಾಕೆ ಮಿಸ್?"

ಕ್ಲಾಸು ಸದ್ದಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಲ್ ಹೊಡೆಯಿತು, ಬಚಾವಾದೆ ಅಂದುಕೊಂಡೆ. ಮನೆಗೆ ಬಂದು ನಮ್ಮ ಸಿಂಕ್ ಕೆಳಗೆ ನೋಡಿದೆ. ನಮ್ಮಲ್ಲಿ ಕೆಳಗಿಲ್ಲ, ಕಿಟಕಿ ಮೇಲಿದೆ. ಏನು ಮಹಾ ವ್ಯತ್ಯಾಸ? ಬೆಳಗ್ಗೆ ಆರಕ್ಕೇ ಬೀದಿ ಗುಡಿಸಿಹೋಗುವ ಪೌರಕಾರ್ಮಿಕರ ಮುಖವನ್ನು ನಮ್ಮ ಮಕ್ಕಳು ಗುರುತು ಹಿಡಿಯುವುದಿಲ್ಲ, ಯಾಕಂದರೆ ನಾವೂ ಹಿಡಿಯುವುದಿಲ್ಲ. ಯಾರಿಗೆ ಋಣಿಯಾಗಿರಬೇಕು ಅಂತ ಕಲಿಸುವಾಗಲೇ, ಯಾರಿಗೆ ಇರಬೇಕಾಗಿಲ್ಲ ಅನ್ನುವುದನ್ನೂ ಸದ್ದಿಲ್ಲದೆ ಕಲಿಸಿಬಿಡುತ್ತೇವೆ. ಇಲ್ಲಿ ಆ "ಥ್ಯಾಂಕ್ಯೂ ಬ್ರೋ" ನಮ್ಮ ಸಕ್ಕರೆಗಿಂತ ಮುಂದಿದೆ. ಅದು ಜಾತಿ ಕೇಳುವುದಿಲ್ಲ, ನೆಂಟಸ್ತನ ಕೇಳುವುದಿಲ್ಲ. ಬಾಗಿಲಿಗೆ ಬಂದವನ ಮುಖ ನೋಡಿ ಹೇಳುತ್ತದೆ. ಈ ಮಕ್ಕಳು ಅದನ್ನು ಎಲ್ಲಿಂದ ಕಲಿತರೋ, ಖಂಡಿತ ನನ್ನ ವಯಸ್ಸಿನವರಿಂದಲ್ಲ.

ಕಿಟಕಿ ಮೇಲಿನ ಲೋಟವನ್ನು ಮಗಳು ತೆಗೆದು ಎಲ್ಲ ಲೋಟಗಳ ಜೊತೆ ಸೇರಿಸಿದ್ದಾಳೆ. ಈಗ ಯಾವುದು ಅಂತ ನನಗೂ ಗುರುತು ಸಿಗುವುದಿಲ್ಲ.

ಹೋದ ಭಾನುವಾರ ಎದುರು ಮನೆಗೆ ಬಿಸಿಬೇಳೆಬಾತ್ ಕಳಿಸಿದ್ದೆ. ಹುಡುಗನ ಅಪ್ಪ ಅಮ್ಮ ಊರಿಗೆ ಹೋಗಿದ್ದರು, ಅವನೊಬ್ಬನೇ ಇದ್ದ. ಸಂಜೆ ಡಬ್ಬಿ ತಂದ. ಸರಿಯಾಗಿ ತೊಳೆದಿರಲಿಲ್ಲ, ಅಂಚಿನಲ್ಲಿ ಇನ್ನೂ ಜಿಡ್ಡು. ಮುಚ್ಚಳ ಅರ್ಧ ಕೂತಿತ್ತು. ಒಳಗೆ ಒಂದು ಮ್ಯಾಗಿ ಪ್ಯಾಕೆಟ್ಟು.

"ಸಕ್ಕರೆ ಎಲ್ಲಿಟ್ಟಿದ್ದಾರೋ ಗೊತ್ತಾಗ್ಲಿಲ್ಲ ಆಂಟಿ" ಅಂದ. ಇಯರ್‌ಫೋನ್ ಕಿವಿಯಲ್ಲಿರಲಿಲ್ಲ.

"ಥ್ಯಾಂಕ್ಯೂ ಬ್ರೋ" ಅಂದೆ ನಾನು. ಅವನಿಗೆ ನಗು ತಡೆಯಲಾಗಲಿಲ್ಲ.

ನಮಸ್ಕಾರ.