ಚಂದ್ರಿ ಮರಿ ಹಾಕಿದ ರಾತ್ರಿ

ಈಗ ರಾತ್ರಿ ಒಂದೂವರೆ ಗಂಟೆ. ಗಂಗಾವತಿ ಸಮೀಪದ ನಮ್ಮ ತೋಟದ ಲಾಯದಲ್ಲಿ ನಮ್ಮ ಹೆಣ್ಣುಕುದುರೆ ಚಂದ್ರಿಗೆ ಇಂದು ಗಬ್ಬದ 341ನೆಯ ದಿನ. ಮೊನ್ನೆಯಿಂದ ಅವಳ ಕೆಚ್ಚಲಿನ ತೊಟ್ಟುಗಳ ತುದಿಯಲ್ಲಿ ಮೇಣದಂತಹ ಹನಿ ಗಟ್ಟಿಯಾಗಿ ನಿಂತಿರುವುದರಿಂದ ನಾವು ಎರಡು ರಾತ್ರಿ ಮಲಗಿಲ್ಲ. ಕುದುರೆಗಳು ಹೆಚ್ಚಾಗಿ ಸುತ್ತಲಿನ ಸದ್ದು ಅಡಗಿದ ಮೇಲೆಯೇ ಈಯುತ್ತವೆ. ಕೆಳಗೆ ಹಾಸಿರುವುದು ನಮ್ಮದೇ ಗದ್ದೆಯ ಭತ್ತದ ಹುಲ್ಲು. ಮರದ ಹೊಟ್ಟೇ ಒಳ್ಳೆಯದೆಂದು ಹಿಂದೊಮ್ಮೆ ನಿಮಗೆ ಹೇಳಿದ್ದೆ, ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ: ಅದು ಹಸಿ ಮರಿಯ ಮೂಗಿಗೆ ಮೆತ್ತಿಕೊಳ್ಳುತ್ತದೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ನೀರು ಒಡೆಯಿತು. ಹೊರಗೆ ಕಾಣುತ್ತಿರುವ ಪೊರೆ ಬೆಳ್ಳಗಿದೆ, ಒಂದು ಗೊರಸು ಇನ್ನೊಂದಕ್ಕಿಂತ ತುಸು ಮುಂದಿದೆ, ಅದರ ಮೇಲೆ ಮೂಗು ಒರಗಿದೆ. ಹೀಗಿದ್ದರೆ ನಮ್ಮ ಕೈ ದೂರವಿರಬೇಕು. ಬೆಳ್ಳಗಿನ ಪೊರೆಯ ಬದಲು ಕೆಂಪು ಮಖಮಲ್ಲಿನಂತಹ ಚೀಲ ಬಂದಿದ್ದರೆ ಮಾತ್ರ, ಒಳಗೆ ಮರಿಗೆ ಉಸಿರು ಕಟ್ಟುವುದರಿಂದ, ವೈದ್ಯರಿಗೂ ಕಾಯದೆ ಅದನ್ನು ಹರಿಯಬೇಕಾಗುತ್ತಿತ್ತು. ಅಪ್ಪ ಒಂದೇ ಬಾರಿ ಕಾಲು ಹಿಡಿದರು, ಅದೂ ಅವಳು ತಿಣುಕಿದ ಕ್ಷಣದಲ್ಲಿ, ಕೆಳಮುಖವಾಗಿ.

ಎರಡು ಇಪ್ಪತ್ತೆಂಟಕ್ಕೆ ಹೆಣ್ಣುಮರಿ ಹೊರಬಂತು. ಹೊಕ್ಕುಳಬಳ್ಳಿಯನ್ನು ನಾವು ಕತ್ತರಿಸಲಿಲ್ಲ. ಚಂದ್ರಿ ಎದ್ದಾಗ ಅದು ತಾನೇ ಹರಿಯಿತು, ತುದಿಯನ್ನು ನೀರು ಬೆರೆಸಿದ ಅಯೋಡಿನ್‌ನಲ್ಲಿ ಅದ್ದಿದೆವು. ಈ ಗೊರಸಿನ ಅಡಿಯನ್ನು ಹತ್ತಿರದಿಂದ ನೋಡಿ: ಎಳೆಯ ಅಣಬೆಯ ಪದರಗಳಂತೆ ಮೆತ್ತಗೆ ಬೆರಳು ಬೆರಳಾಗಿದೆ. ತಾಯಿಯ ಗರ್ಭ ಗೀರದಂತೆ ಇರುವ ಈ ಹೊದಿಕೆ, ಮರಿ ನಡೆದಾಡಿದಂತೆ ಸವೆದುಹೋಗುತ್ತದೆ.

ಮರಿ ಮೂರೂಕಾಲಕ್ಕೆ ನಿಂತಿತು, ನಾಲ್ಕು ಐದಕ್ಕೆ ಗಿಣ್ಣುಹಾಲು ಕುಡಿಯಿತು. ಅದರ ರೋಗನಿರೋಧಕ ಶಕ್ತಿಯೆಲ್ಲ ಆ ಹಾಲಿನಿಂದಲೇ ಬರಬೇಕು. ಆದರೆ ಮಾಸು, ಅಂದರೆ ಗರ್ಭದೊಳಗೆ ಮರಿಯನ್ನು ಸುತ್ತಿದ್ದ ಚೀಲ, ಬೀಳಲಿಲ್ಲ. ನನ್ನನ್ನು ಅತಿಯಾಗಿ ಕಾಡಿದ್ದು ಇದೇ. ಆಕಳಿಗಾದರೆ ಅರ್ಧ ದಿನ ಕಾಯಬಹುದು, ಕುದುರೆಗೆ ಮೂರೇ ಗಂಟೆ. ಒಂದು ತುಣುಕು ಒಳಗುಳಿದರೂ ನಂಜೇರಿ, ಗೊರಸಿನೊಳಗೆ ಉರಿಯೂತ ಹುಟ್ಟಿ, ಅವಳು ನಿಲ್ಲಲಾರದಂತಾಗಬಹುದು. ಪಕ್ಕದ ಹೊಲದ ಕಾಕಾ, “ತಮ್ಮಾ, ಒಂದು ಕಲ್ಲು ಕಟ್ಟು, ತಾನ ಇಳೀತೈತಿ” ಎಂದರು. ಹಿರಿಯರ ಮಾತು ಮೀರುವುದು ನನಗೆ ಸುಲಭವಲ್ಲ, ಆದರೂ “ಬ್ಯಾಡ್ರಿ ಕಾಕಾ, ಎಳೆದರ ಗರ್ಭಾನ ಹೊರಗ ಬರತೈತಿ” ಎಂದು ತಡೆದೆ. ಅವಳು ತುಳಿಯದಂತೆ ಜೋತುಬಿದ್ದುದನ್ನು ಮೇಲಕ್ಕೆ ಗಂಟು ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ ಗಡಿಯಾರ ನೋಡುತ್ತ ಕುಳಿತೆವು. ನದಿಯಾಚೆಯ ಹಂಪಿಗೆ ಒಂದು ಕಾಲದಲ್ಲಿ ಕುದುರೆಗಳು ಅರಬ್ಬೀ ಸಮುದ್ರ ದಾಟಿ ಬರುತ್ತಿದ್ದವು, ಹಜಾರರಾಮ ದೇವಾಲಯದ ಗೋಡೆಯ ಮೇಲೆ ಅವುಗಳ ಸಾಲನ್ನು ಇಂದಿಗೂ ನೋಡಬಹುದು. ಆ ದಾರಿಯಲ್ಲಿ ಎಷ್ಟು ತಾಯಂದಿರು ಹೀಗೆ ನರಳಿದವೋ ಎಂದು ಯೋಚಿಸುತ್ತಿರುವಾಗಲೇ ಅಪ್ಪ ಕೂಗಿದರು.

ಐದು ಇಪ್ಪತ್ತು. ಮಾಸು ಬಿತ್ತು. ನೆಲದ ಮೇಲೆ ಹರಡಿದರೆ ಅದು ಪೈಜಾಮದಂತೆ ಕಾಣುತ್ತದೆ; ಎರಡು ಕಾಲುಗಳ ತುದಿಯೂ ಹರಿಯದೆ ಇವೆ, ಎಂದರೆ ಒಳಗೆ ತುಣುಕು ಉಳಿದಂತಿಲ್ಲ. ಎಂಟಕ್ಕೆ ವೈದ್ಯರು ಬರುತ್ತಾರೆ, ಅವರಿಗೆ ತೋರಿಸಲೆಂದು ನಾಯಿಗಳಿಗೆ ಸಿಗದಂತೆ ಬಕೆಟ್‌ನಲ್ಲಿ ಮುಚ್ಚಿಟ್ಟಿದ್ದೇವೆ.